ತೂಕದ ಇಂಜೆಕ್ಷನ್: ಮಿಲಿಗ್ರಾಂ ಬೇರೆ, ಯೂನಿಟ್ ಬೇರೆ

ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಎಂಬ ಮದ್ದು ಒಮ್ಮೆ ಚರ್ಮದಡಿ ಸೇರಿತೆಂದರೆ ಅದರ ಅರ್ಧ ಪಾಲು ಮೈಯಿಂದ ಹೊರಹೋಗಲು ಸುಮಾರು ಒಂದು ವಾರ ಬೇಕು. ಅಂಥದೇ ಇನ್ನೊಂದು ಮದ್ದಾದ ಟಿರ್ಜೆಪಟೈಡ್‌ಗೆ ಸುಮಾರು ಐದು ದಿನ. ವಾರಕ್ಕೊಂದೇ ಸೂಜಿ ಸಾಕಾಗುವುದು ಇದರಿಂದಲೇ. ಡೋಸ್ ಹೆಚ್ಚಾದರೆ ಒದ್ದಾಟ ದಿನಗಟ್ಟಲೆ ಎಳೆಯುವುದೂ ಇದರಿಂದಲೇ. ಹೆಚ್ಚಾದದ್ದನ್ನು ಇಳಿಸಲು ಪ್ರತಿಮದ್ದಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸುವ ಮದ್ದು ಕೊಟ್ಟು, ಸಕ್ಕರೆ ಮಟ್ಟ ನೋಡುತ್ತಾ ಕಾಯಬೇಕು. ಹಾಗಾಗಿ ಎಚ್ಚರವೆಲ್ಲ ಗುಂಡಿ ಒತ್ತುವ ಮೊದಲೇ ಇರಬೇಕು.

ನಮ್ಮಲ್ಲಿ ಈ ಮಾತು ಈಗ ಹೇಳಬೇಕಾದ್ದಕ್ಕೆ ಕಾರಣವಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಅಂದರೆ ಟಿರ್ಜೆಪಟೈಡ್, ಭಾರತಕ್ಕೆ ಬಂದದ್ದು ಪುಟ್ಟ ಗಾಜಿನ ವೈಯಲ್ ರೂಪದಲ್ಲಿ. ಅದೇ ಜೂನ್‌ನಲ್ಲಿ ವಿಗೋವಿ, ಅಂದರೆ ಸೆಮಾಗ್ಲುಟೈಡ್, ಗುಂಡಿ ಒತ್ತಿ ಚುಚ್ಚಿಕೊಳ್ಳುವ ಪೆನ್ ರೂಪದಲ್ಲಿ ಬಂತು. ಆಮೇಲೆ ಮೌಂಜಾರೊ ಕೂಡ ಪೆನ್ ಆಯಿತು. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಮುಗಿದು ಬೇರೆ ಕಂಪನಿಗಳಿಗೂ ದಾರಿ ತೆರೆಯಿತು. ಬೆಲೆ ಇಳಿಯುವುದು ಒಳ್ಳೆಯದೇ. ಆದರೆ ಒಂದೇ ಮದ್ದು ಬೇರೆ ಬೇರೆ ಸಾಂದ್ರತೆಯಲ್ಲಿ, ಬೇರೆ ಬೇರೆ ಸಾಧನದಲ್ಲಿ ಕೈಗೆ ಬಂದಾಗ ತಪ್ಪಾಗುವ ಜಾಗಗಳೂ ಹೆಚ್ಚುತ್ತವೆ. "ಪಕ್ಕದ ಮನೆಯವರು ಹತ್ತು ಯೂನಿಟ್ ತಗೋತಾರಂತೆ" ಎಂಬ ಮಾತನ್ನು ನಂಬಿ ತಾವೂ ಹತ್ತು ಯೂನಿಟ್ ಎಳೆದುಕೊಳ್ಳುವುದು ಎಷ್ಟು ಅಪಾಯ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಯಾರು ಇದನ್ನು ತೆಗೆದುಕೊಳ್ಳಲೇಬಾರದು. ಥೈರಾಯ್ಡ್‌ನ ಮೆಡುಲ್ಲರಿ ಕ್ಯಾನ್ಸರ್ ತಮಗೋ, ಒಡಹುಟ್ಟಿದವರಿಗೋ, ತಂದೆತಾಯಿಗೋ ಬಂದಿದ್ದರೆ ಬೇಡ. ಇದು ಸಾಮಾನ್ಯ ಹೈಪೋಥೈರಾಯ್ಡ್ ಅಲ್ಲ. ಬೆಳಗ್ಗೆ ಥೈರಾಕ್ಸಿನ್ ಮಾತ್ರೆ ನುಂಗುವ ಲಕ್ಷಾಂತರ ಜನ ಈ ಸಾಲು ಓದಿ ಹೆದರಬೇಕಿಲ್ಲ. ಎಂಇಎನ್-2 ಎಂಬ ವಂಶವಾಹಿ ಕಾಯಿಲೆ ಇರುವವರಿಗೂ ಬೇಡ. ಗರ್ಭಿಣಿಯರಿಗೆ ಬೇಡ. ಹಾಲೂಡಿಸುವ ತಾಯಂದಿರು ವೈದ್ಯರ ಬಳಿ ಬಿಡಿಸಿ ಮಾತಾಡದೆ ಶುರು ಮಾಡಬಾರದು. ಹಿಂದೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ಆಗಿದ್ದರೆ, ಪಿತ್ತಕೋಶದಲ್ಲಿ ಕಲ್ಲಿದ್ದರೆ, ಹೊಟ್ಟೆಯಿಂದ ಆಹಾರ ಕೆಳಗಿಳಿಯುವುದೇ ನಿಧಾನವಾಗಿರುವ ಗ್ಯಾಸ್ಟ್ರೋಪರೇಸಿಸ್ ಇದ್ದರೆ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಟ್ಟಿದ್ದರೆ ವೈದ್ಯರು ಕೇಳುವವರೆಗೆ ಕಾಯದೆ ನೀವೇ ಹೇಳಿ. ಸಕ್ಕರೆ ಥಟ್ಟನೆ ಇಳಿದಾಗ ರೆಟಿನೋಪತಿ ಎಂಬ ಈ ಕಣ್ಣಿನ ತೊಂದರೆ ಕೆಲಕಾಲ ಉಲ್ಬಣಿಸಬಹುದು. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ಮೊದಲ ಡೋಸ್‌ಗೆ ಮುಂಚೆ ಕಣ್ಣಿನ ಡಾಕ್ಟರಲ್ಲಿ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮಗು ಬೇಕೆಂದಿರುವವರು ಸೆಮಾಗ್ಲುಟೈಡನ್ನು ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಬೇಕು; ಟಿರ್ಜೆಪಟೈಡ್ ಆದರೆ ಕನಿಷ್ಠ 1 ತಿಂಗಳು. ಪಿಸಿಒಡಿ ಇರುವ ಹೆಣ್ಣುಮಕ್ಕಳು ಇದನ್ನು ಎರಡು ಸಲ ಓದಿಕೊಳ್ಳಿ. ತೂಕ ಇಳಿಯುತ್ತಿದ್ದಂತೆ ಅಂಡೋತ್ಪತ್ತಿ ಮರಳಿ ಸರಿಹೋಗುತ್ತದೆ, ವರ್ಷಗಳಿಂದ ನಿಲ್ಲದ ಗರ್ಭ ತಟ್ಟನೆ ನಿಲ್ಲಬಹುದು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಹೀರಿಕೆಯನ್ನೂ ಕಡಿಮೆ ಮಾಡುತ್ತದೆ. ಶುರು ಮಾಡಿದ ಮೇಲೆ 4 ವಾರ, ಡೋಸ್ ಏರಿಸಿದಾಗಲೆಲ್ಲ ಮತ್ತೆ 4 ವಾರ, ಕಾಂಡೋಮ್‌ನಂಥ ಇನ್ನೊಂದು ತಡೆಯೂ ಜೊತೆಗಿರಬೇಕು.

ಇನ್ನು ಡೋಸ್‌ನ ಮೆಟ್ಟಿಲು. ವಿಗೋವಿ ವಾರಕ್ಕೆ 0.25 ಮಿ.ಗ್ರಾಂನಿಂದ ಶುರು, 4 ವಾರಕ್ಕೊಮ್ಮೆ 0.5, 1, 1.7, ಕೊನೆಗೆ 2.4. ಟಿರ್ಜೆಪಟೈಡ್ 2.5ರಿಂದ ಶುರು, 4 ವಾರ ಕಳೆದ ಮೇಲೆ 5. ಅಲ್ಲಿಂದ ಮುಂದೆ ಬೇಕೆನಿಸಿದರೆ ಮಾತ್ರ 7.5, 10, 12.5, 15, ಪ್ರತಿ ಮೆಟ್ಟಿಲಲ್ಲೂ ಕನಿಷ್ಠ 4 ವಾರ. ಮೊದಲ ಮೆಟ್ಟಿಲು ತೂಕ ಇಳಿಸಲಿಕ್ಕಲ್ಲ, ಹೊಟ್ಟೆಯನ್ನು ಒಗ್ಗಿಸಲಿಕ್ಕೆ. ಮೊದಲ ತಿಂಗಳು ತಕ್ಕಡಿ ಅಲುಗಾಡಲಿಲ್ಲವೆಂದು ಮೆಟ್ಟಿಲು ಹಾರಿ ಡೋಸ್ ಏರಿಸಿದವರೇ ಹೆಚ್ಚಾಗಿ ವಾಂತಿ ಮಾಡಿಕೊಂಡು ಮದ್ದನ್ನೇ ಬಿಟ್ಟುಬಿಡುವುದು. ಮೇಲಿನ ಮೆಟ್ಟಿಲು ಏರಲೇಬೇಕೆಂಬ ಕಡ್ಡಾಯವೂ ಇಲ್ಲ. 5 ಮಿ.ಗ್ರಾಂನಲ್ಲೇ ಹಸಿವು ಹತೋಟಿಗೆ ಬಂದು ತೂಕ ಇಳಿಯುತ್ತಿದ್ದರೆ ಅಲ್ಲೇ ಇರಿ. ಓಕರಿಕೆ ಇನ್ನೂ ತಗ್ಗಿಲ್ಲವೆಂದರೆ ಅದೇ ಮೆಟ್ಟಿಲಲ್ಲಿ ಇನ್ನೊಂದು ತಿಂಗಳು ನಿಲ್ಲಲು ವೈದ್ಯರನ್ನು ಕೇಳಿ, ಯಾರೂ ಬೇಡವೆನ್ನುವುದಿಲ್ಲ.

ಈಗ ಸಿರಿಂಜ್. ಇದನ್ನು ನಿಧಾನವಾಗಿ ನೋಡೋಣ, ಏಕೆಂದರೆ ಅತಿ ದೊಡ್ಡ ತಪ್ಪು ಆಗುವುದು ಇಲ್ಲೇ.

ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಥರ ಸಿಗುತ್ತವೆ. ಕೆಂಪು ಮುಚ್ಚಳದ್ದು ಯು-40, ಕಿತ್ತಳೆ ಮುಚ್ಚಳದ್ದು ಯು-100. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. 1 ಮಿ.ಲೀ. ಸಿರಿಂಜ್ ಆದರೆ ಕೆಂಪಿನ ಮೇಲೆ ಗೆರೆಗಳು 40ಕ್ಕೆ ಮುಗಿಯುತ್ತವೆ, ಕಿತ್ತಳೆಯದರಲ್ಲಿ 100ಕ್ಕೆ. ಒಳಗೆ ಹಿಡಿಯುವ ದ್ರವ ಎರಡರಲ್ಲೂ ಅಷ್ಟೇ. ಅಂದರೆ ಕಿತ್ತಳೆಯಲ್ಲಿ 10ರ ಗೆರೆ ಎಂದರೆ 0.1 ಮಿ.ಲೀ., ಕೆಂಪಿನಲ್ಲಿ ಅದೇ 10ರ ಗೆರೆ ಎಂದರೆ 0.25 ಮಿ.ಲೀ. ಮಿ.ಲೀ.ಗೆ 2.5 ಮಿ.ಗ್ರಾಂ ಇರುವ ಸೆಮಾಗ್ಲುಟೈಡ್ ಬಾಟಲಿ ಎಂದುಕೊಳ್ಳಿ. ಕಿತ್ತಳೆಯಲ್ಲಿ 10ರ ಗೆರೆಯವರೆಗೆ ಎಳೆದರೆ 0.25 ಮಿ.ಗ್ರಾಂ, ಸರಿಯಾದ ಮೊದಲ ಡೋಸ್. ಕೆಂಪಿನಲ್ಲಿ 10 ಎಳೆದರೆ 0.625 ಮಿ.ಗ್ರಾಂ. ಮೊದಲ ದಿನವೇ ಎರಡೂವರೆ ಪಟ್ಟು! ಪಕ್ಕದ ಮನೆಯವರ ಹತ್ತು ಯೂನಿಟ್ ಯಾವ ಸಿರಿಂಜ್‌ನದು, ಅವರ ಬಾಟಲಿಯ ಸಾಂದ್ರತೆ ಎಷ್ಟು ಎಂದು ತಿಳಿಯದೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಯೂನಿಟ್ ಎಂಬುದು ಇನ್ಸುಲಿನ್‌ನ ಅಳತೆ. ಈ ಮದ್ದುಗಳ ಅಳತೆ ಮಿಲಿಗ್ರಾಂ. ಅಮೆರಿಕದಲ್ಲಿ ಫಾರ್ಮಸಿಗಳು ತಾವೇ ಬೆರೆಸಿ ವೈಯಲ್‌ನಲ್ಲಿ ಕೊಟ್ಟ ಸೆಮಾಗ್ಲುಟೈಡ್‌ನಿಂದ 5ರಿಂದ 20 ಪಟ್ಟು ಹೆಚ್ಚು ಚುಚ್ಚಿಕೊಂಡ ಪ್ರಕರಣಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಕೆ ಕೊಟ್ಟಿತು. ಮಿಲಿಗ್ರಾಂ, ಮಿಲಿಲೀಟರ್, ಯೂನಿಟ್ ಮೂರನ್ನೂ ಕಲಸಿಕೊಂಡದ್ದು ಅದಕ್ಕೊಂದು ಮುಖ್ಯ ಕಾರಣ.

ಲೆಕ್ಕ ಕಷ್ಟವಲ್ಲ. ಬೇಕಾದ ಮಿಲಿಗ್ರಾಂ ಅನ್ನು ಲೇಬಲ್ ಮೇಲಿನ "ಮಿ.ಲೀ.ಗೆ ಎಷ್ಟು ಮಿ.ಗ್ರಾಂ" ಎಂಬ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಮಿ.ಲೀ. ಎಂದು ಬರುತ್ತದೆ. ಅದನ್ನು ಕಿತ್ತಳೆ ಸಿರಿಂಜ್‌ಗೆ 100ರಿಂದ, ಕೆಂಪಿಗೆ 40ರಿಂದ ಗುಣಿಸಿ. ಆದರೆ ನನ್ನ ಮಾತು ಇಷ್ಟೇ: ಈ ಲೆಕ್ಕವನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ. ವೈದ್ಯರ ಚೀಟಿಯ ಮೇಲೆ ಮಿಲಿಗ್ರಾಂ, ಮಿಲಿಲೀಟರ್, ಯಾವ ಸಿರಿಂಜ್, ಯಾವ ಗೆರೆ ಎಂದು ನಾಲ್ಕನ್ನೂ ಬರೆಸಿಕೊಳ್ಳಿ. ಪ್ರತಿಸಲ ಒಂದೇ ಬಣ್ಣದ ಸಿರಿಂಜ್ ಕೊಳ್ಳಿ. ಹೊಸ ಬ್ರ್ಯಾಂಡ್ ಕೊಟ್ಟರೆ ಹಳೆಯ ಗೆರೆ ಮರೆತುಬಿಡಿ, ಲೆಕ್ಕ ಮೊದಲಿನಿಂದ ಮಾಡಿಸಿ.

ಮೌಂಜಾರೊ ವೈಯಲ್‌ನಲ್ಲಿ ಈ ಗೊಂದಲ ಕಡಿಮೆ. 2.5 ಇರಲಿ, 5 ಇರಲಿ, ಒಂದು ವೈಯಲ್ ಅಂದರೆ ಒಂದು ಡೋಸ್, 0.5 ಮಿ.ಲೀ. ಕಿತ್ತಳೆ ಸಿರಿಂಜ್‌ನಲ್ಲಿ ಅದು 50ರ ಗೆರೆ, ಕೆಂಪಿನಲ್ಲಿ 20ರದು. ಕೈ ತೊಳೆದು, ದ್ರವ ತಿಳಿಯಾಗಿದೆಯೇ ನೋಡಿ. ಬಣ್ಣವಿಲ್ಲದ್ದೋ ನಸು ಹಳದಿಯದ್ದೋ ಸರಿ, ಮಬ್ಬು ಅಥವಾ ಕಣಗಳಿದ್ದರೆ ಬೇಡ. ರಬ್ಬರ್ ಬಿರಡೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ಸಿರಿಂಜ್‌ಗೆ 0.5 ಮಿ.ಲೀ. ಗಾಳಿ ಎಳೆದು ವೈಯಲ್‌ಗೆ ತಳ್ಳಿ, ಇಲ್ಲದಿದ್ದರೆ ದ್ರವ ಸಲೀಸಾಗಿ ಬರುವುದಿಲ್ಲ. ವೈಯಲ್ ತಲೆಕೆಳಗೆ ಹಿಡಿದು ಗೆರೆಗಿಂತ ಸ್ವಲ್ಪ ಹೆಚ್ಚು ಎಳೆದು, ಸಿರಿಂಜ್‌ಗೆ ಬೆರಳಿನಿಂದ ತಟ್ಟಿ ಗುಳ್ಳೆಗಳನ್ನು ಮೇಲೇರಿಸಿ, ಸರಿಯಾಗಿ ಗೆರೆಗೆ ತಳ್ಳಿ. ಚರ್ಮದಡಿ ಸಣ್ಣ ಗುಳ್ಳೆ ಹೋದರೆ ಪ್ರಾಣಾಪಾಯವೇನಿಲ್ಲ. ಡೋಸ್ ಅಷ್ಟು ಕಡಿಮೆಯಾಗುತ್ತದೆ, ಅಷ್ಟೇ. ವೈಯಲ್‌ನಲ್ಲಿ ಹನಿ ಉಳಿದರೆ ಎಸೆಯಿರಿ. ಎರಡು ವೈಯಲ್‌ಗಳ ಉಳಿಕೆ ಸೇರಿಸಿ ಇನ್ನೊಂದು ಡೋಸ್ ಮಾಡಿಕೊಳ್ಳುವುದು ಸೋಂಕಿಗೆ ಕೊಟ್ಟ ಆಹ್ವಾನ.

ಪೆನ್‌ನಲ್ಲಿ ಅಳತೆಯ ಚಿಂತೆ ಕಡಿಮೆ, ತಪ್ಪುಗಳು ಬೇರೆ. ಸೂಜಿಗೆ ಹೊರಮುಚ್ಚಳ, ಒಳಮುಚ್ಚಳ ಎಂದು ಎರಡಿರುತ್ತವೆ. ಒಳಗಿನ ಪುಟ್ಟ ಕೊಳವೆಯನ್ನು ತೆಗೆಯದೆ ಚುಚ್ಚಿ ಮದ್ದೆಲ್ಲ ಹೊರಗೇ ಸೋರಿಸಿಕೊಳ್ಳುವುದು ತುಂಬಾ ಸಾಮಾನ್ಯ. ಮೌಂಜಾರೊ ಕ್ವಿಕ್‌ಪೆನ್ ಆದರೆ ಪ್ರತಿಸಲವೂ ಮೊದಲು ಪ್ರೈಮ್ ಮಾಡಬೇಕು, ಅಂದರೆ ಚುಚ್ಚುವ ಮುಂಚೆ ಸ್ವಲ್ಪ ಮದ್ದು ಹೊರಬಿಟ್ಟು ನೋಡಬೇಕು, ಸೂಜಿತುದಿಯಲ್ಲಿ ಹನಿ ಕಾಣಬೇಕು. ವಿಗೋವಿಯ ಫ್ಲೆಕ್ಸ್‌ಟಚ್ ಪೆನ್‌ಗೆ ಆ ಪರೀಕ್ಷೆ ಹೊಸ ಪೆನ್ ತೆರೆದಾಗ ಮಾತ್ರ. ಗುಂಡಿ ಒತ್ತಿ ಕೌಂಟರ್ ಸೊನ್ನೆಗೆ ಬಂದ ಕೂಡಲೇ ಸೂಜಿ ಎಳೆಯಬೇಡಿ. ಕ್ವಿಕ್‌ಪೆನ್‌ಗೆ ನಿಧಾನವಾಗಿ 5ರವರೆಗೆ, ಫ್ಲೆಕ್ಸ್‌ಟಚ್‌ಗೆ 6ರವರೆಗೆ ಎಣಿಸಿ. ಸೂಜಿ ತೆಗೆದ ಮೇಲೆ ಚರ್ಮದ ಮೇಲೆ ಒಂದು ಹನಿ ಕಂಡರೆ ಪರವಾಗಿಲ್ಲ, ಸುರಿದಂತೆ ಬಂದರೆ ನೀವು ಎಣಿಸಿದ್ದು ಸಾಲದು. ಆದರೆ ಆ ಕೊರತೆಯನ್ನು ತುಂಬಲು ಇನ್ನೊಮ್ಮೆ ಚುಚ್ಚಿಕೊಳ್ಳಬೇಡಿ.

ಪ್ರತಿಸಲ ಹೊಸ ಸೂಜಿ, ಮುಗಿದ ಕೂಡಲೇ ತೆಗೆದುಬಿಡಬೇಕು. ಸೂಜಿ ಹಾಗೇ ಬಿಟ್ಟು ಫ್ರಿಜ್‌ಗಿಟ್ಟರೆ ಮದ್ದು ಸೋರುತ್ತದೆ, ಗಾಳಿ ಒಳಗೆ ಸೇರುತ್ತದೆ. ನಾಲ್ಕು ಡೋಸ್ ಮುಗಿದ ಕ್ವಿಕ್‌ಪೆನ್‌ನಲ್ಲಿ ಇನ್ನೂ ದ್ರವ ಕಾಣುತ್ತದೆ. ಅದು ಪ್ರೈಮಿಂಗ್ ಲೆಕ್ಕ ಹಿಡಿದು ಹೆಚ್ಚಿಗೆ ತುಂಬಿದ್ದು. ದುಡ್ಡು ಉಳಿಸಲು ಸಿರಿಂಜ್ ಚುಚ್ಚಿ ಅದನ್ನು ಎಳೆಯುವ ವಿಡಿಯೋಗಳು ಓಡಾಡುತ್ತಿವೆ. ದಯವಿಟ್ಟು ಮಾಡಬೇಡಿ, ಅಲ್ಲಿ ಅಳತೆಯೂ ಇಲ್ಲ, ಶುಚಿಯೂ ಇಲ್ಲ. ಗಂಡ ಹೆಂಡತಿ ಒಂದೇ ಪೆನ್ ಹಂಚಿಕೊಳ್ಳುವುದಂತೂ ಬೇಡವೇ ಬೇಡ. ಸೂಜಿ ಬದಲಿಸಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು: ಚುಚ್ಚಿದಾಗ ರಕ್ತದ ಕಣ ಪೆನ್‌ನ ಒಳಗಿನ ಮದ್ದಿಗೆ ಹಿಮ್ಮುಖವಾಗಿ ಸೇರಬಲ್ಲದು.

ಚುಚ್ಚುವ ಜಾಗ ಹೊಟ್ಟೆ ಅಥವಾ ತೊಡೆಯ ಮುಂಭಾಗ. ಬೇರೆಯವರು ಕೊಡುವುದಾದರೆ ತೋಳಿನ ಹಿಂಭಾಗವೂ ಆದೀತು. ಹೊಕ್ಕುಳಿನಿಂದ ಎರಡು ಇಂಚು ದೂರವಿರಲಿ, ವಾರವಾರ ಜಾಗ ಬದಲಾಗಲಿ. ಇನ್ಸುಲಿನ್ ಕೂಡ ತೆಗೆದುಕೊಳ್ಳುವವರು ಎರಡನ್ನೂ ಒಂದೇ ಸಿರಿಂಜ್‌ನಲ್ಲಿ ಬೆರೆಸಬಾರದು.

ಫ್ರಿಜ್ ವಿಚಾರ. 2ರಿಂದ 8 ಡಿಗ್ರಿ, ಅಂದರೆ ಮಧ್ಯದ ತಟ್ಟೆ. ಫ್ರೀಜರ್‌ನ ಗೋಡೆಗೆ ತಾಗುವಂತೆ ಇಡಬೇಡಿ. ಒಮ್ಮೆ ಗಟ್ಟಿಯಾದ ಮದ್ದು ಕರಗಿದ ಮೇಲೆ ಎಷ್ಟೇ ತಿಳಿಯಾಗಿ ಕಂಡರೂ ಎಸೆಯಬೇಕಾದ್ದೇ. ಬಾಗಿಲಿನ ತಟ್ಟೆಯಲ್ಲೂ ಬೇಡ, ತೆರೆದು ಮುಚ್ಚುವಾಗ ಶಾಖ ಏರಿಳಿಯುತ್ತದೆ. ಬಳಸಲು ಶುರು ಮಾಡಿದ ಕ್ವಿಕ್‌ಪೆನ್ 30 ಡಿಗ್ರಿಗಿಂತ ಕೆಳಗೆ 30 ದಿನ, ವಿಗೋವಿ ಪೆನ್ 6 ವಾರ ಹೊರಗಿರಬಹುದು. ಆದರೆ ಏಪ್ರಿಲ್‌ನ ರಾಯಚೂರು, ಕಲಬುರಗಿಯಲ್ಲಿ ಹೊರಗೆ 40 ದಾಟಿರುವಾಗ ಕೋಣೆಯ ಶಾಖವೂ 30ರಲ್ಲಿ ನಿಲ್ಲುವುದಿಲ್ಲ, ಅಲ್ಲಿ ತೆರೆದ ಪೆನ್ನೂ ಫ್ರಿಜ್‌ನಲ್ಲೇ ಇರಲಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ. ಬೇರೆ ಕಂಪನಿಗಳ ಪೆನ್, ವೈಯಲ್‌ಗಳಿಗೆ ಅವುಗಳ ಜೊತೆ ಬರುವ ಚೀಟಿಯಲ್ಲಿರುವ ದಿನಗಳೇ ಲೆಕ್ಕ. ತೆರೆದ ತಾರೀಕನ್ನು ಪೆನ್ ಮೇಲೆಯೇ ಬರೆದಿಡಿ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲೇ ಒಯ್ಯಿರಿ, ಕೆಳಗಿನ ಲಗೇಜ್ ಜಾಗದಲ್ಲಿ ಹೆಪ್ಪುಗಟ್ಟುವ ಭಯವಿದೆ. ಅಮೆರಿಕದಿಂದ ಮಕ್ಕಳು ತಂದುಕೊಡುವ ಪೆನ್ ಒಂದೇ ಬಾರಿಯದ್ದಿರಬಹುದು, ಇಲ್ಲಿನದು ನಾಲ್ಕು ಬಾರಿಯದ್ದು. ಒಂದರ ವಿಧಾನ ಇನ್ನೊಂದಕ್ಕೆ ಹೊಂದುವುದಿಲ್ಲ.

ಡೋಸ್ ಮರೆತರೆ ವಿಗೋವಿಗೆ 5 ದಿನ, ಮೌಂಜಾರೊಗೆ 4 ದಿನದೊಳಗೆ ನೆನಪಾದಾಗ ತೆಗೆದುಕೊಳ್ಳಿ. ಅದು ದಾಟಿದ್ದರೆ ಬಿಟ್ಟು, ಮುಂದಿನ ನಿಗದಿತ ದಿನಕ್ಕೆ ಕಾಯಿರಿ. ಎರಡು ಡೋಸ್ ಒಟ್ಟಿಗೆ ಎಂದೂ ಬೇಡ. ಎರಡು ಮೂರು ವಾರ ತಪ್ಪಿಹೋಗಿದ್ದರೆ ಹಳೆಯ ದೊಡ್ಡ ಡೋಸ್‌ಗೆ ನೇರ ಹಾರಬಾರದು. ಹೊಟ್ಟೆಯ ಒಗ್ಗುವಿಕೆ ಹೋಗಿರುತ್ತದೆ, ಕೆಳಗಿನ ಮೆಟ್ಟಿಲಿಂದ ಶುರು ಮಾಡಬೇಕೇ ಎಂದು ವೈದ್ಯರನ್ನು ಕೇಳಿ.

ಜೊತೆಗಿರುವ ಮಾತ್ರೆಗಳ ಪಟ್ಟಿ ತೋರಿಸದೆ ಇದನ್ನು ಶುರು ಮಾಡಿದವರಲ್ಲಿ ತೊಂದರೆ ಹೆಚ್ಚಾಗಿ ಬರುವುದು ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳು ಅಥವಾ ಇನ್ಸುಲಿನ್‌ನಿಂದ. ಊಟ ಅರ್ಧಕ್ಕಿಳಿದಿರುತ್ತದೆ, ಮಾತ್ರೆ ಮಾತ್ರ ಹಳೆಯ ಲೆಕ್ಕದಲ್ಲೇ ಇರುತ್ತದೆ. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು. ಆಗ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏಕಾದಶಿ, ಶಿವರಾತ್ರಿಯ ಉಪವಾಸ ಮಾಡುವವರು ಈ ಮಾತ್ರೆಗಳಿದ್ದರೆ ಮುಂಚೆಯೇ ಡೋಸ್ ಕೇಳಿಕೊಳ್ಳಬೇಕು. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳು ಈ ಇಂಜೆಕ್ಷನ್‌ನ ದಾರಿಯಲ್ಲೇ ಕೆಲಸ ಮಾಡುವುದರಿಂದ ಜೊತೆಗೆ ಮುಂದುವರಿಸಿ ಲಾಭವಿಲ್ಲ, ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ತೂಕ ಇಳಿದಂತೆ ಬಿಪಿ ಮಾತ್ರೆಯ ಹಳೆಯ ಡೋಸ್ ಕೂಡ ಬೇಕಾದ್ದಕ್ಕಿಂತ ಹೆಚ್ಚೆನಿಸಬಹುದು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಬಿಪಿ ನೋಡಿಸಿ. ಆಪರೇಷನ್ ಅಥವಾ ಎಂಡೋಸ್ಕೋಪಿ ನಿಗದಿಯಾದ ದಿನವೇ ಅರಿವಳಿಕೆ ವೈದ್ಯರಿಗೆ ಈ ಇಂಜೆಕ್ಷನ್ ವಿಷಯ ತಿಳಿಸಿ. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಪ್ರಜ್ಞೆ ತಪ್ಪಿಸಿದಾಗ ಶ್ವಾಸಕೋಶಕ್ಕೆ ಹೋಗಬಹುದು.

ಓಕರಿಕೆ, ಹುಳಿತೇಗು, ಮಲಬದ್ಧತೆ ಡೋಸ್ ಏರಿಸಿದ ಮೊದಲ ದಿನಗಳಲ್ಲಿ ಹೆಚ್ಚು. ಹೊಟ್ಟೆ ನಿಧಾನವಾಗಿ ಖಾಲಿಯಾಗುವಾಗ ಎಣ್ಣೆ ತುಪ್ಪ ಇನ್ನೂ ನಿಧಾನ ಮಾಡುತ್ತವೆ. ಹಾಗಾಗಿ ಬಜ್ಜಿ, ತುಪ್ಪ ಸುರಿದ ಹೋಳಿಗೆ ಆ ದಿನಗಳಲ್ಲಿ ಬೇಡ. ತಟ್ಟೆಯಲ್ಲಿ ಅರ್ಧ ಬಡಿಸಿಕೊಳ್ಳಿ, "ಇನ್ನೊಂದು ತುತ್ತು" ಎನಿಸುವಾಗಲೇ ಕೈ ತೊಳೆಯಿರಿ. ಬಲವಂತಕ್ಕೆ ಉಂಡ ಆ ಒಂದು ತುತ್ತೇ ವಾಂತಿಗೆ ಕಾರಣವಾಗುತ್ತದೆ, ಅಜ್ಜಿ ಬಡಿಸಿದರೂ ಸರಿ. ವಾಂತಿ ಭೇದಿಯಾದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣ ಕದಡಿ ಗುಟುಕು ಗುಟುಕಾಗಿ ಕುಡಿಯಿರಿ. ನೀರು ಆರಿದರೆ ಏಟು ಬೀಳುವುದು ಕಿಡ್ನಿಗೆ.

ಹಸಿವೇ ಇಲ್ಲದಾಗ ಇರುವ ಪುಟ್ಟ ಹೊಟ್ಟೆಯನ್ನು ಅನ್ನ ಸಾರಿನಿಂದ ತುಂಬಿದರೆ ಸ್ನಾಯು ಕರಗುತ್ತದೆ. ಇಳಿದ ತೂಕ ಎಲ್ಲವೂ ಕೊಬ್ಬಲ್ಲ, ಟಿರ್ಜೆಪಟೈಡ್‌ನ ಒಂದು ದೊಡ್ಡ ಅಧ್ಯಯನದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶವೇ ಆಗಿತ್ತು. ಆದ್ದರಿಂದ ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ, ಮೀನು, ಕೋಳಿ, ಮೊಸರು. ಆಮೇಲೆ ಮುದ್ದೆ, ಅನ್ನ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, 50 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 11, 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಸುಮಾರು 15. ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ 60 ಗ್ರಾಂ ಮುಟ್ಟುವುದು ಮೊದಲ ಗುರಿಯಾಗಲಿ. ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದಲೂ ಶುರು ಮಾಡಬಹುದು. ಅರವತ್ತು ದಾಟಿದವರಿಗೆ ಇದನ್ನು ಮದ್ದಿನಷ್ಟೇ ಮುಖ್ಯವೆಂದು ಹೇಳುತ್ತೇನೆ.

ಕಾಯಬಾರದ ಲಕ್ಷಣಗಳು: ಮೇಲ್ಹೊಟ್ಟೆಯ ತೀವ್ರ ನೋವು ಬೆನ್ನಿಗೆ ಹರಿದು, ವಾಂತಿಯೂ ಜೊತೆಗಿದ್ದರೆ ಅದು ಪ್ಯಾಂಕ್ರಿಯಾಟೈಟಿಸ್ ಇರಬಹುದು. ಅದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ರಾತ್ರಿ ಕಳೆಯಬೇಡಿ. ಬಲಪಕ್ಕೆಲುಬಿನ ಕೆಳಗೆ ನೋವು, ಜ್ವರ, ಕಣ್ಣು ಹಳದಿಯಾದರೆ ಪಿತ್ತಕೋಶ. ಒಂದು ಕಣ್ಣಿನ ದೃಷ್ಟಿ ಥಟ್ಟನೆ ಮಂಕಾದರೆ ಅಂದೇ ಕಣ್ಣಿನ ಆಸ್ಪತ್ರೆ. ಸೆಮಾಗ್ಲುಟೈಡ್‌ನಲ್ಲಿ ಇದು ಬಹಳ ಅಪರೂಪ, ಆದರೆ ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಒಪ್ಪಿಕೊಂಡಿರುವ ಅಡ್ಡಪರಿಣಾಮ. ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಡೋಸ್ ತಡೆಹಿಡಿಯಿರಿ.

ಮದ್ದು ನಿಲ್ಲಿಸಿದರೆ ಹಸಿವು ಮರಳುತ್ತದೆ. ಸೆಮಾಗ್ಲುಟೈಡ್‌ನ ಸ್ಟೆಪ್-1 ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ 15% ತೂಕ ಇಳಿದಿತ್ತು. ನಿಲ್ಲಿಸಿ ವರ್ಷ ಕಳೆಯುವಷ್ಟರಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿತ್ತು. ಮಗಳ ಮದುವೆಗೆಂದು ಮೂರು ತಿಂಗಳಿಗೆ ತೆಗೆದುಕೊಳ್ಳುವ ಮದ್ದಲ್ಲ ಇದು. ಎಷ್ಟು ತಿಂಗಳ ಖರ್ಚು ತಾಳಬಲ್ಲೆವು, ನಿಲ್ಲಿಸುವುದಾದರೆ ಹೇಗೆ ಎಂಬುದನ್ನು ಮೊದಲ ಚೀಟಿ ಬರೆಸುವ ದಿನವೇ ಮಾತಾಡಿ.

ಕೊಳ್ಳುವುದು ಲೈಸೆನ್ಸ್ ಇರುವ ಅಂಗಡಿಯಲ್ಲಿ, ವೈದ್ಯರ ಚೀಟಿಗೆ, ಬ್ಯಾಚ್ ನಂಬರ್ ಇರುವ ಬಿಲ್‌ಗೆ. ಡಬ್ಬಿಯ ಮೇಲಿನ ಬ್ಯಾಚ್, ಒಳಗಿನ ಪೆನ್ ಮೇಲಿನ ಬ್ಯಾಚ್ ಒಂದೇ ಇರಬೇಕು. 2023ರಲ್ಲಿ ಆಸ್ಟ್ರಿಯಾದಲ್ಲಿ ನಕಲಿ ಒಜೆಂಪಿಕ್ (ಸೆಮಾಗ್ಲುಟೈಡ್‌ನ ಇನ್ನೊಂದು ಬ್ರ್ಯಾಂಡ್) ಚುಚ್ಚಿಕೊಂಡವರು ಸಕ್ಕರೆ ಕುಸಿದು, ಫಿಟ್ಸ್ ಬಂದು ಆಸ್ಪತ್ರೆ ಸೇರಿದರು. ಒಳಗಿದ್ದದ್ದು ಇನ್ಸುಲಿನ್ ಎಂಬ ಶಂಕೆ. ಜಿಮ್‌ನಲ್ಲಿ, ಬ್ಯೂಟಿ ಪಾರ್ಲರ್‌ನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಮಾರುವ, ನೀರು ಬೆರೆಸಿಕೊಳ್ಳುವ ಪುಡಿಯ ವೈಯಲ್‌ಗಳಲ್ಲಿ ಏನಿದೆ, ಎಷ್ಟಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಕೊರಿಯರ್‌ನಲ್ಲಿ ಬಂದ ಡಬ್ಬಿಯೊಳಗಿನ ಐಸ್ ಪ್ಯಾಕ್ ಬಿಸಿಯಾಗಿದ್ದರೆ ಸಹಿ ಹಾಕದೆ ವಾಪಸ್ ಕಳಿಸಿ.

ಬಳಸಿದ ಸೂಜಿಯನ್ನು ಮುಚ್ಚಳ ಬಿಗಿಯಾಗುವ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಫಿನೈಲ್ ಅಥವಾ ಬಟ್ಟೆ ಸೋಪಿನ ಲಿಕ್ವಿಡ್ ಬಂದ ಡಬ್ಬಿಯಾದರೂ ಆದೀತು, ತೆಳ್ಳಗಿನ ನೀರಿನ ಬಾಟಲಿ ಬೇಡ. ಮುಕ್ಕಾಲು ತುಂಬಿದ ಮೇಲೆ ಮುಚ್ಚಿ, ಟೇಪ್ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ "ಸೂಜಿ" ಎಂದು ಬರೆಯಿರಿ. ಇದು ಮನೆಯ ಅಪಾಯಕಾರಿ ಕಸ, ಹಸಿ ಕಸಕ್ಕೂ ಅಲ್ಲ, ಒಣ ಕಸಕ್ಕೂ ಅಲ್ಲ. ಕಸದ ಗಾಡಿ ಬಂದಾಗ ಬುಟ್ಟಿಯೊಳಗೆ ಹಾಕದೆ, ಒಳಗೆ ಸೂಜಿ ಇದೆ ಎಂದು ಬಾಯಿಬಿಟ್ಟು ಹೇಳಿ ಪೌರಕಾರ್ಮಿಕರ ಕೈಗೆ ಬೇರೆಯಾಗಿಯೇ ಕೊಡಿ.